ನಡುಗುವ ಅಂಗೈ

ಮಗು ಅತ್ತರೂ ಎತ್ತಿಕೊಳ್ಳದ ತಾಯಿಯನ್ನು ನೀವು ಕಂಡಿದ್ದೀರಾ? ತುಮಕೂರಿನ ಶಿರಾ ಗೇಟಿನ ಹಿಂದಿನ ವಠಾರದವರು ಕಂಡಿದ್ದರು. ಕಂಡು ಸುಮ್ಮನಿದ್ದರೇ? ಶಿವ ಶಿವಾ, ವಠಾರ ಅಂದಮೇಲೆ ಸುಮ್ಮನಿರುವುದುಂಟೇ! ನಲ್ಲಿಯ ಮುಂದೆ ಕೊಡ ಇಟ್ಟು ನಿಂತಾಗಲೆಲ್ಲ ಅದೇ ಮಾತು. "ಅವಳೇ ಹೆತ್ತಿದ್ದಾ, ಇಲ್ಲ ಗುಬ್ಬಿ ಸಂತೇಲಿ ತಂದ್ಲಾ?" ಎಂದು ಒಬ್ಬಳು ಕೇಳಿದರೆ ಇನ್ನೊಬ್ಬಳು ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಗುತ್ತಿದ್ದಳು. ಅವರ ಬಾಯಿಗೆ ಮಣ್ಣು ಬೀಳ! ಒಳಗೆ ಆ ತಾಯಿ ಪಡುತ್ತಿದ್ದ ಪಾಡು ಅವರಿಗೇನು ಗೊತ್ತಿತ್ತು.

ತಾಯಿಯ ಹೆಸರು ಸಿದ್ದಗಂಗಮ್ಮ. ಗುಬ್ಬಿಯ ಹುಡುಗಿ. ಚೊಚ್ಚಲ ಹೆರಿಗೆಗೆ ತೌರಿಗೆ ಹೋಗಿ, ಐದನೇ ತಿಂಗಳಲ್ಲಿ ಹೆಣ್ಣು ಮಗುವಿನ ಜೊತೆ ಗಂಡನ ಮನೆಗೆ ವಾಪಸು ಬಂದಿದ್ದಳು. ಗಂಡ ಸದಾಶಿವಯ್ಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ಒಳ್ಳೆಯವನೇ. ಇಂಜಿನ್ನಿನ ಸದ್ದು ಕೇಳಿದರೆ ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಿದ್ದ, ಹೆಂಡತಿಯ ಮುಖ ನೋಡಿದರೆ ಮಾತ್ರ ಅವನಿಗೆ ಏನೂ ತಿಳಿಯುತ್ತಿರಲಿಲ್ಲ. ಮನೆಯನ್ನು ಹಿಡಿದು ನಿಲ್ಲಿಸಿದ್ದವಳು ಅವನ ತಾಯಿ ಬಸವಲಿಂಗಮ್ಮ. ಗಟ್ಟಿ ದನಿ, ಗಟ್ಟಿ ಕೈ, ಮನಸ್ಸು ಮಾತ್ರ ಅಷ್ಟು ಗಟ್ಟಿಯಲ್ಲ. ಮೊಮ್ಮಗಳೆಂದರೆ ಪ್ರಾಣ.

ಮಗು ಹಸಿದು ಕಿರುಚಿದಾಗ ಸಿದ್ದಗಂಗಮ್ಮ ಓಡಿಹೋಗಿ ಚಾಪೆಯ ಮೇಲೆ ಒಂದು ಮಗ್ಗುಲಿಗೆ ಮಲಗುತ್ತಿದ್ದಳು. ಬಸವಲಿಂಗಮ್ಮ ಮಗುವನ್ನು ತಂದು ಪಕ್ಕಕ್ಕೆ ಹಾಕಬೇಕು. ಹಾಲು ಕುಡಿದು ಮುಗಿದ ಮೇಲೆ ಮತ್ತೆ ಅವಳೇ ಎತ್ತಿಕೊಂಡು ಹೋಗಬೇಕು. ನೆಲದ ಮೇಲೆ ಮಲಗಿದ ಮಗು ಇನ್ನೆಲ್ಲಿಗೂ ಬೀಳುವುದಿಲ್ಲ ಎಂಬುದೊಂದೇ ಸಿದ್ದಗಂಗಮ್ಮನಿಗೆ ಇದ್ದ ಧೈರ್ಯ. ಎತ್ತಿಕೊಳ್ಳಲು ಕೈ ಚಾಚಿದರೆ ಸಾಕು, ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಉಸಿರು ಗಂಟಲಲ್ಲೇ ನಿಲ್ಲುತ್ತಿತ್ತು, ಎರಡೂ ಕೈ ಗಡಗಡ ನಡುಗುತ್ತಿದ್ದವು. ಬೀಳಿಸಿಬಿಡುತ್ತೇನೆ, ಈಗ ಬೀಳಿಸಿಬಿಡುತ್ತೇನೆ. ತಲೆಯಲ್ಲಿ ಅದೊಂದೇ ಮಾತು ಸುತ್ತುತ್ತಿತ್ತು.

ಶುರುವಾದದ್ದು ಗುಬ್ಬಿಯಲ್ಲಿ. ಲಿಂಗವಂತರ ಮನೆಯ ಹೆಣ್ಣುಮಗಳು. ದಿನಾ ಸ್ನಾನವಾದ ಮೇಲೆ ಕೊರಳಲ್ಲಿ ತೂಗುವ ಬೆಳ್ಳಿ ಕರಡಿಗೆಯನ್ನು ಬಿಚ್ಚಿ, ಅದರೊಳಗಿನ ಇಷ್ಟಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಂಡು, ವಿಭೂತಿ ಹಚ್ಚಿ ಪತ್ರೆ ಏರಿಸಿ, ಅದನ್ನೇ ನೋಡುತ್ತ ಸ್ವಲ್ಪ ಹೊತ್ತು ಕೂರಬೇಕು. ಆಮೇಲೆಯೇ ಬಾಯಿಗೆ ಒಂದು ತೊಟ್ಟು ನೀರು. ಬಾಣಂತನ ಮುಗಿಯುತ್ತ ಬಂದ ಒಂದು ಬೆಳಗ್ಗೆ ಅವಳು ಹಾಗೆ ಕೂತಿದ್ದಾಗ ತೊಟ್ಟಿಲಲ್ಲಿದ್ದ ಮಗು ಇದ್ದಕ್ಕಿದ್ದಂತೆ ಚೀರಿತು. ಕೈ ಅದುರಿತು. ಲಿಂಗ ಜಾರಿ ಕಲ್ಲುಹಾಸಿನ ಮೇಲೆ ಟಣ್ಣೆಂದು ಬಿತ್ತು.

ಯಾರೂ ನೋಡಿರಲಿಲ್ಲ. ಅವಳೂ ನೋಡಲಿಲ್ಲ ಅನ್ನಿ. ಒಡೆದಿದೆಯೋ, ಬಿರುಕು ಬಿಟ್ಟಿದೆಯೋ ಎಂದು ನೋಡುವಷ್ಟು ಎದೆಯಿರಲಿಲ್ಲ. ಕಣ್ಣು ಮುಚ್ಚಿಕೊಂಡೇ ಎತ್ತಿ ಕರಡಿಗೆಯೊಳಗೆ ಹಾಕಿ, ಮುಚ್ಚಳದ ಮೇಲೆ ದಾರ ಸುತ್ತಿ ಗಂಟಿನ ಮೇಲೆ ಗಂಟು ಬಿಗಿದಳು. ಚಿಕ್ಕಂದಿನಲ್ಲಿ ಅಜ್ಜಿಯ ಮಗ್ಗುಲಲ್ಲಿ ಮಲಗಿ ಕೇಳಿದ ಮಾತು ಆಗ ನೆನಪಾಯಿತು. ಲಿಂಗ ಭಿನ್ನವಾದರೆ ಹೊತ್ತವರು ಪ್ರಾಣ ಇಟ್ಟುಕೊಳ್ಳಬಾರದು, ಹಿಂದಿನವರು ಇಟ್ಟುಕೊಳ್ಳುತ್ತಿರಲಿಲ್ಲ, ಎಂದು ಅಜ್ಜಿ ಹೇಳುತ್ತಿದ್ದಳು. ಆ ಮುದುಕಿಗೆ ಮಕ್ಕಳಿಗೆ ಹೇಳಲು ಬೇರೆ ಕತೆಯೇ ಸಿಗಲಿಲ್ಲ!

ಅವತ್ತಿನಿಂದ ಪೂಜೆ ನಿಂತಿತು. ಪೂಜೆಯಿಲ್ಲದೆ ಉಣ್ಣುವ ಪ್ರತಿ ತುತ್ತೂ ಕದ್ದು ತಿಂದಂತಿತ್ತು. ಅಂಗೈಯಿಂದ ಲಿಂಗವನ್ನು ಬೀಳಿಸಿದ ಕೈ ಮಗುವನ್ನು ಬಿಟ್ಟೀತೇ? ಯಾರಿಗೂ ಹೇಳುವಂತಿಲ್ಲ. ಹೇಳಿದರೆ ಏನೆನ್ನುತ್ತಾರೋ, ಅದನ್ನು ಕೇಳುವ ಶಕ್ತಿ ಅವಳಿಗಿರಲಿಲ್ಲ.

ಕೊನೆಗೆ ಬಸವಲಿಂಗಮ್ಮನೇ ಅವಳನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರು ಹೆಂಗಸು, ಬೆಂಗಳೂರಿನಲ್ಲಿ ಮನಸ್ಸಿನ ಕಾಯಿಲೆಗಳ ವಿಚಾರ ಓದಿ ಬಂದವರು. ಎದುರಿಗಿದ್ದ ಸ್ಟೂಲಿನ ಮೇಲೆ ಕೂರಿಸಿ ಮೆತ್ತಗೆ ಕೇಳಿದರು.

"ಏನಾಗುತ್ತಮ್ಮ?"

"ಎದೆ ಹೊಡ್ಕಂತದೆ. ಉಸಿರು ಸಿಗಲ್ಲ. ಇವಾಗ್ಲೇ ಸತ್ತೋಗ್ತೀನೇನೋ ಅನ್ಸುತ್ತೆ. ಮಗು ಎತ್ಕಂಡ್ರೆ ಬೀಳಿಸ್ಬುಡ್ತೀನಿ ಅನ್ಸುತ್ತೆ."

"ಯಾವತ್ತಾದ್ರೂ ಬೀಳಿಸಿದ್ದೀಯಾ?"

"ಮಗೂನ ಇಲ್ಲ."

ಬಸವಲಿಂಗಮ್ಮನ ಕಿವಿ ಚುರುಕು. "ಮಗೂನ ಇಲ್ಲ ಅಂದ್ರೆ? ಮತ್ತಿನ್ನೇನ್ ಬೀಳಿಸ್ದೆ?"

ಸಿದ್ದಗಂಗಮ್ಮ ನಾಲಿಗೆ ಕಚ್ಚಿಕೊಂಡಳು. "ಕೊಡ, ಅತ್ತೆಮ್ಮ. ಗುಬ್ಬೀಲಿ. ನೀರಿನ ಕೊಡ."

ಡಾಕ್ಟರು ಇಬ್ಬರ ಮುಖವನ್ನೂ ನೋಡಿದರು, ಕೆದಕಲಿಲ್ಲ. "ಹಾಲು ಕುಡಿಸ್ತಾ ಇದ್ದೀಯ, ಮಾತ್ರೆ ಈಗಲೇ ಬೇಡ. ನಾನು ಹೇಳ್ದಂಗೆ ಮಾಡು. ದಿನಾ ಬೆಳಗ್ಗೆ ಒಂದು ಕಡೆ ಕೂತ್ಕೋ. ಯಾವ್ದಾದ್ರೂ ಒಂದು ವಸ್ತು ನೋಡ್ತಾ ಇರು. ಮೂಗಿನಲ್ಲಿ ಉಸಿರು ಬರೋದು, ಹೋಗೋದು ಗಮನಿಸು. ಉಸಿರನ್ನ ಬಿಗಿ ಹಿಡೀಬೇಡ, ಅದರ ಪಾಡಿಗೆ ಬಿಡು. ಮನಸ್ಸು ಎಲ್ಲೋ ಓಡುತ್ತೆ. ಓಡಿದೆ ಅಂತ ಗೊತ್ತಾದ ತಕ್ಷಣ, ಬೈಕೊಳ್ಳದೆ, ವಾಪಸು ಕರ್ಕೊಂಡು ಬಾ. ಭಯ ಬಂದ್ರೆ 'ಬಂತು' ಅಂದ್ಕೋ. ಓಡಿಸೋಕೆ ಹೋಗ್ಬೇಡ. ಬಂದಿದ್ದು ತಾನೇ ಹೋಗುತ್ತೆ."

"ಅಷ್ಟೇನಾ? ಇಂಜೆಕ್ಷನ್ ಇಲ್ವಾ?" ಎಂದಳು ಬಸವಲಿಂಗಮ್ಮ. ಬಸ್ಸಿನಲ್ಲಿ ಅಷ್ಟು ದೂರ ಬಂದದ್ದಕ್ಕೆ ಒಂದು ಇಂಜೆಕ್ಷನ್ನಾದರೂ ಬೇಡವೇ ಎಂಬುದು ಅವಳ ನ್ಯಾಯ.

ಡಾಕ್ಟರು ನಕ್ಕರು. "ನಿಮಗೆ ಇದು ಹೊಸದೇನಲ್ಲವಲ್ಲ. ಲಿಂಗ ಅಂಗೈಲಿಟ್ಕೊಂಡು ಅದನ್ನೇ ನೋಡ್ತಾ ಕೂರ್ತೀರಲ್ಲ, ಹಾಗೇ ಕೂತ್ಕೊಂಡ್ರಾಯ್ತು."

ಬಸವಲಿಂಗಮ್ಮನ ಮುಖ ಅರಳಿತು. ಸಿದ್ದಗಂಗಮ್ಮ ಸೆರಗನ್ನು ಕರಡಿಗೆಯ ಮೇಲೆ ಎಳೆದುಕೊಂಡಳು. ಯಾವುದನ್ನು ಮುಟ್ಟಲು ಹೆದರಿ ಸಾಯುತ್ತಿದ್ದಳೋ ಅದನ್ನೇ ಮದ್ದು ಎಂದು ಕೈಗೆ ಕೊಟ್ಟಂತಾಯಿತು.

ಮಾರನೇ ದಿನದಿಂದ ಅವಳು ಕೂತಳು. ದೇವರ ಮೂಲೆಯಲ್ಲಿ, ಗೋಡೆಯ ಕಡೆ ಮುಖ ಮಾಡಿ, ಎಡಗೈ ಮೇಲೆ ಬಿಳಿ ವಸ್ತ್ರ ಮುಚ್ಚಿಕೊಂಡು. ವಸ್ತ್ರದ ಕೆಳಗೆ ಇದ್ದದ್ದು ಗಂಟು ಹಾಕಿದ ಕರಡಿಗೆ. ಹಿಂದಿನಿಂದ ನೋಡಿದ ಅತ್ತೆಗೆ ಸೊಸೆ ಪೂಜೆ ಮಾಡುತ್ತಿದ್ದಾಳೆ ಎಂದು ಸಮಾಧಾನ. ಸೊಸೆಗೆ ಮಾತ್ರ ಅದೊಂದು ಕಾದಾಟ. ಉಸಿರು ಬಂತು, ಹೋಯಿತು. ಕೈ ನಡುಗುತ್ತಿದೆಯಾ? ನಡುಗುತ್ತಿದೆ. ಉಸಿರು ಬಂತು, ಹೋಯಿತು. ಈಗ ನಿಂತಿತಾ? ಇನ್ನೂ ಇಲ್ಲವಾ? ಭಯ ಬಂದರೆ 'ಬಂತು' ಎನ್ನಬೇಕೆಂದು ಡಾಕ್ಟರು ಹೇಳಿದ್ದರು, ಇವಳು ಹಲ್ಲು ಕಚ್ಚಿಕೊಂಡು 'ಹೋಗು, ಹೋಗು' ಎನ್ನುತ್ತಿದ್ದಳು. ಕೈ ನಿಂತ ದಿನ ಕರಡಿಗೆ ಬಿಚ್ಚುತ್ತೇನೆ, ಕರಡಿಗೆ ಬಿಚ್ಚಿದ ದಿನ ಮಗುವನ್ನು ಎತ್ತಿಕೊಳ್ಳುತ್ತೇನೆ, ಎಂದು ತನಗೆ ತಾನೇ ಒಂದು ಕರಾರು ಮಾಡಿಕೊಂಡಿದ್ದಳು. ಕೈ ನಿಲ್ಲಲೇ ಇಲ್ಲ. ಕಾದು ನೋಡಿದಷ್ಟೂ ಹೆಚ್ಚು ನಡುಗಿತು.

ಎರಡನೇ ಸಲ ಆಸ್ಪತ್ರೆಗೆ ಹೋದಾಗ ಅವಳಿಗೆ ಸಿಟ್ಟೇ ಬಂದಿತ್ತು. "ದಿನಾ ಕೂತೆ ಡಾಕ್ಟ್ರೇ. ನಡುಕ ನಿಂತಿಲ್ಲ."

"ನಡುಕ ನಿಲ್ಲಿಸು ಅಂತ ನಾನು ಹೇಳ್ಲೇ ಇಲ್ಲವಲ್ಲಮ್ಮ" ಎಂದರು ಡಾಕ್ಟರು.

ಇದೆಂಥ ಮಾತು! ಕಾಯಿಲೆ ವಾಸಿ ಮಾಡು ಎಂದು ಬಂದವಳಿಗೆ ವಾಸಿ ಮಾಡುತ್ತೇನೆಂದು ಹೇಳಲೇ ಇಲ್ಲ ಎನ್ನುವ ಡಾಕ್ಟರು. ಸಿದ್ದಗಂಗಮ್ಮ ಮುಖ ಊದಿಸಿಕೊಂಡು ಮನೆಗೆ ಬಂದಳು.

ಮನೆಯಲ್ಲಿ ಅದಕ್ಕಿಂತ ದೊಡ್ಡದು ಕಾದಿತ್ತು. ಮಗುವಿಗೆ ಇನ್ನೂ ಲಿಂಗಧಾರಣೆ ಆಗಿರಲಿಲ್ಲ. ಹುಟ್ಟಿದ ಹೊಸತರಲ್ಲೇ ಆಗಬೇಕಿತ್ತು. ಮಗುವಿಗೆ ಕಾಮಾಲೆ ಬಂದು ಮುಂದಕ್ಕೆ ಹೋಗಿತ್ತು. ಆಮೇಲೆ, ಈ ಮನೆಯ ಮಕ್ಕಳಿಗೆಲ್ಲ ಯಡಿಯೂರಿನ ಅಯ್ಯನವರ ಕೈಯಿಂದಲೇ ಲಿಂಗ ಕಟ್ಟಿಸುವುದು ಪದ್ಧತಿ ಎಂದು ಬಸವಲಿಂಗಮ್ಮ ಹಟ ಹಿಡಿದಿದ್ದಳು. ಈಗ ದಿನ ಗೊತ್ತಾಗಿತ್ತು. ಸೋಮವಾರ, ಕುಣಿಗಲ್ಲಿನಲ್ಲಿ, ಬಸವಲಿಂಗಮ್ಮನ ಮಗಳು ಶಿವನಂಜಮ್ಮನ ಮನೆಯಲ್ಲಿ. ಶಿವನಂಜಮ್ಮನಿಗೂ ಕೈಗೂಸಿತ್ತು, ಎದೆಯಲ್ಲಿ ಹಾಲಿತ್ತು. ಆ ಮಾತನ್ನು ಬಸವಲಿಂಗಮ್ಮ ಸುಮ್ಮನೆ ಎತ್ತಲಿಲ್ಲ.

"ನೋಡು ಗಂಗಾ, ನಾನು ನಿನ್ನ ಮೇಲೆ ಹಗೆ ಸಾಧಿಸ್ತಿಲ್ಲ" ಎಂದಳು. ದನಿ ಎಂದಿನಷ್ಟು ಗಟ್ಟಿಯಿರಲಿಲ್ಲ. "ನಂಗೂ ವಯಸ್ಸಾಯ್ತು. ಹಗಲೂ ರಾತ್ರಿ ಕೂಸು ಹೊತ್ಕಂಡು ನನ್ನ ಸೊಂಟ ಬಿದ್ದೋಯ್ತು. ಅವತ್ತು ತಾಯಿ ತೊಡೆ ಮೇಲೆ ಕೂಸು ಇಟ್ಕಂಡು ಕೂರ್ಬೇಕು. ನೀನು ಕೂತ್ರೆ ಸರಿ. ಇಲ್ದಿದ್ರೆ ಕೂಸು ಶಿವನಂಜಿ ಹತ್ರಾನೇ ಇರ್ಲಿ. ನಿಂಗೆ ವಾಸಿಯಾದಾಗ ಕರ್ಕಂಡ್ ಬರಾನ."

ಸಿದ್ದಗಂಗಮ್ಮ ಗಂಡನ ಕಡೆ ನೋಡಿದಳು. ಸದಾಶಿವಯ್ಯ ತಟ್ಟೆಯಲ್ಲಿದ್ದ ಮುದ್ದೆಯನ್ನು ಮುರಿಯುತ್ತ "ಅಮ್ಮ ಹೇಳೋದ್ರಲ್ಲಿ ತಪ್ಪೇನಿಲ್ಲ ಗಂಗಾ" ಎಂದ. ವಾಸಿಯಾದಾಗ! ವಾಸಿಯಾಗುವುದು ಯಾವಾಗ? ಅಷ್ಟರಲ್ಲಿ ಮಗು ಯಾರನ್ನು ಅವ್ವ ಎನ್ನುತ್ತದೆ?

ಸೋಮವಾರ ಬೆಳಗ್ಗೆ ಕುಣಿಗಲ್ ಬಸ್ಸು ಕಿಕ್ಕಿರಿದಿತ್ತು. ಸದಾಶಿವಯ್ಯ ಬಾಗಿಲ ಹತ್ತಿರ ನಿಂತಿದ್ದ. ಮಗು ಬಸವಲಿಂಗಮ್ಮನ ಮಡಿಲಲ್ಲಿ. ಸಿದ್ದಗಂಗಮ್ಮ ಕಿಟಕಿಯ ಕಂಬಿ ಹಿಡಿದು ಕೂತಳು. ಹಿಡಿದ ಕಂಬಿಯೂ ನಡುಗಿದಂತೆ ಅನ್ನಿಸಿತು, ಅಥವಾ ಅದು ಬಸ್ಸಿನ ನಡುಕವೋ ಏನೋ. ಕುಣಿಗಲ್ ಕೆರೆಯ ನೀರು ಕಂಡಾಗ ಅವಳಿಗೆ ಎದ್ದು ಕಿರುಚಬೇಕು, ಬಸ್ಸು ನಿಲ್ಲಿಸಿ ಇಳಿದು ಓಡಬೇಕು ಅನ್ನಿಸಿತು. ಓಡುವುದಾದರೂ ಎಲ್ಲಿಗೆ? ಮಗು ಬಸ್ಸಿನಲ್ಲೇ ಇತ್ತಲ್ಲ.

ಶಿವನಂಜಮ್ಮ ಬಾಗಿಲಲ್ಲೇ ಮಗುವನ್ನು ತನ್ನ ತಾಯಿಯ ಕೈಯಿಂದ ಇಸಿದುಕೊಂಡಳು. "ಅಯ್ಯೋ ನನ್ ಚಿನ್ನ, ಬಾರೇ ಅತ್ತೆ ಮನೆಗೆ" ಎಂದು ಮುದ್ದಾಡಿದಳು. ತೊಟ್ಟಿಲು ಆಗಲೇ ಸಿದ್ಧವಾಗಿತ್ತು. ಒಂದಲ್ಲ, ಎರಡು. ಅಕ್ಕಪಕ್ಕ ಇಟ್ಟಿದ್ದ ಆ ಎರಡು ತೊಟ್ಟಿಲು ನೋಡಿ ಸಿದ್ದಗಂಗಮ್ಮನಿಗೆ ಕಣ್ಣು ಕತ್ತಲೆ ಬಂತು. ಗೋಡೆ ಹಿಡಿದು ಕೂತಳು.

ಯಡಿಯೂರಿನ ಗುರುಸಿದ್ದಯ್ಯನವರು ಮೊದಲೇ ಬಂದು ನಡುಮನೆಯಲ್ಲಿ ಮಣೆ ಹಾಕಿಸಿಕೊಂಡಿದ್ದರು. ಬಹಳ ವಯಸ್ಸಾದ ಅಯ್ಯನವರು. ಕನ್ನಡಕದ ಒಂದು ಕಡ್ಡಿಯ ಬದಲು ದಾರ ಕಟ್ಟಿ ಕಿವಿಗೆ ಸಿಕ್ಕಿಸಿಕೊಂಡಿದ್ದರು. ಮುಂಗೋಪಿ ಎಂದು ಹೆಸರಾದವರು. ತಮ್ಮ ಲಿಂಗವನ್ನು ಅಂಗೈ ಮೇಲಿಟ್ಟು ಪೂಜೆಗೆ ಕೂತಾಗ ಸಿದ್ದಗಂಗಮ್ಮ ನೋಡಿದಳು. ಮುದುಕರ ಕೈ ನಡುಗುತ್ತಿತ್ತು. ಸ್ವಲ್ಪ ಅಲ್ಲ, ಮಣಿಕಟ್ಟಿನಿಂದ ಬೆರಳ ತುದಿಯವರೆಗೆ. ಲಿಂಗದ ಮೇಲಿದ್ದ ಪತ್ರೆ ಅಲುಗಾಡುತ್ತಿತ್ತು. ಅಯ್ಯನವರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಲಿಂಗ ನೋಡುತ್ತ ಕೂತಿದ್ದರು. ಪೂಜೆ ಮುಗಿಸಿ, "ಕಾಫಿಗೆ ಬೆಲ್ಲ ಹಾಕವ್ವ, ಸಕ್ಕರೆ ಹಾಕಿ ನನ್ನ ಬಾಯಿ ಕೆಡಿಸ್ಬೇಡ" ಎಂದು ಶಿವನಂಜಮ್ಮನಿಗೆ ಹೇಳಿದರು. ಆಮೇಲೆ ಇವಳ ಕಡೆ ತಿರುಗಿದರು.

"ಮೊದ್ಲು ತಾಯಿ ಪೂಜೆ ಆಗ್ಲಿ. ಆಮೇಲೆ ಕೂಸು ತೊಡೆ ಮೇಲೆ. ಎಲ್ಲಿ, ಕರಡಿಗೆ ಬಿಚ್ಚು."

ಗೋಡೆಗೆ ಮುಖ ಮಾಡುವಂತಿಲ್ಲ. ಎಲ್ಲರೂ ಎದುರಿಗಿದ್ದರು. ಸಿದ್ದಗಂಗಮ್ಮ ಮಣೆಯ ಮೇಲೆ ಕೂತು ಗಂಟಿಗೆ ಕೈ ಹಾಕಿದಳು. ತಿಂಗಳುಗಟ್ಟಲೆ ನೀರು ಬಿದ್ದು ಬಿಗಿದುಕೊಂಡಿದ್ದ ಗಂಟು. ಬೆರಳು ಜಾರಿತು, ಉಗುರು ಮುರಿಯಿತು. ಹಣೆಯ ಬೆವರು ಕಣ್ಣಿಗಿಳಿಯಿತು. ಬಸವಲಿಂಗಮ್ಮ ಬಗ್ಗಿ ನೋಡಿದಳು.

"ಇದೇನೇ ಇದು? ದಿನಾ ಬಿಚ್ಚೋ ಕರಡಿಗೇಗೆ ಇಷ್ಟೊಂದ್ ಗಂಟಾ?" ಎಂದವಳು ತಡೆದಳು. ಅವಳ ಮುಖ ಬಿಳಿಚಿತು. "ನೀನು ಬಿಚ್ಚೇ ಇಲ್ಲ. ಮೂಲೇಲಿ ಕೂತು ಏನೇ ಮಾಡ್ತಿದ್ದೆ ಇಷ್ಟ್ ದಿನ?"

ಸಿದ್ದಗಂಗಮ್ಮ ಮತ್ತೆ ಗಂಟನ್ನೇ ಕಿತ್ತಳು. ಅಯ್ಯನವರು "ಕತ್ರಿ ತನ್ನಿ" ಎಂದರು. ದಾರ ಕತ್ತರಿಸಿ, ಮುಚ್ಚಳ ತೆಗೆದು, ಲಿಂಗವನ್ನು ಹೊರತೆಗೆದು ಕನ್ನಡಕದ ಹತ್ತಿರ ಹಿಡಿದರು. ತಿರುಗಿಸಿ ತಿರುಗಿಸಿ ನೋಡಿದರು. ಅಂಚಿನಲ್ಲಿ ಒಂದು ಕಡೆ, ರಾಗಿ ಕಾಳಿನಷ್ಟು, ಮೇಲಿನ ಕಂತಿ, ಆ ಕಪ್ಪು ಲೇಪ, ಉದುರಿತ್ತು.

"ಎಲ್ಲಿ ಬಿತ್ತು?"

"ಗುಬ್ಬೀಲಿ. ಕೂಸು ಚೀರ್ತು. ಕೈ ಅದುರ್ತು."

"ಶಿವನೇ!" ಎಂದು ಬಸವಲಿಂಗಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಭಿನ್ನ ಆದ್ರೆ ಪ್ರಾಣ ಇಟ್ಕಬಾರ್ದು ಅಂತ ನಮ್ಮಜ್ಜಿ ಹೇಳೋರು" ಎಂದಳು ಸಿದ್ದಗಂಗಮ್ಮ. ದನಿ ಒಡೆದಿತ್ತು. "ನಾನು ಇಟ್ಕಂಡಿದೀನಿ. ಕೂಸು ಐತಲ್ಲ ಅಂತ."

ಸದಾಶಿವಯ್ಯ ಹೆಂಡತಿಯ ಮುಖವನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ. ಅಯ್ಯನವರಿಗೆ ಸಿಟ್ಟು ಬಂತು.

"ಯಾವಳವ್ವ ಆ ನಿಮ್ಮಜ್ಜಿ? ಒಂದು ಚೂರು ಕಂತಿ ಉದುರಿದ್ದಕ್ಕೆ ಪ್ರಾಣ ಬುಡ್ಬೇಕಾ? ನೀನು ಪ್ರಾಣ ಬುಟ್ರೆ ಈ ಕೂಸಿಗೆ ಹಾಲು ಕುಡಿಸೋರ್ ಯಾರು, ನಾನಾ? ನನ್ನ ಕೈ ನೋಡು. ಇದ್ರಿಂದ ಬೀಳ್ದೆ ಇರುತ್ತಾ? ಬಿದ್ರೆ ಎತ್ಕಬೇಕು, ತೊಳ್ದು ಕಣ್ಣಿಗೊತ್ಕಂಡು ಪೂಜೆ ಮಾಡ್ಬೇಕು. ಲೇಪ ನಾನು ಹಾಕ್ಕೊಡ್ತೀನಿ. ಹಿಡಿ."

ಎಂದು ಲಿಂಗವನ್ನು ಅವಳ ಅಂಗೈ ಮೇಲೆ ಇಟ್ಟೇಬಿಟ್ಟರು.

ಸಿದ್ದಗಂಗಮ್ಮನ ಕಣ್ಣಲ್ಲಿ ನೀರು ಬಳಬಳ ಇಳಿಯಿತು. ಮುಗಿಯಿತು, ಇನ್ನು ಎಲ್ಲ ಸರಿಹೋಯಿತು ಅಂದುಕೊಂಡಳು. ಎಲ್ಲಿ ಸರಿಹೋಯಿತು! ಕೈ ಮೊದಲಿಗಿಂತ ಜೋರಾಗಿ ನಡುಗತೊಡಗಿತು. ಇಷ್ಟು ದಿನ ಅದು ಲಿಂಗದ ಭಯ ಅಂದುಕೊಂಡಿದ್ದಳು. ಅದಕ್ಕೆ ಉತ್ತರ ಸಿಕ್ಕಿತ್ತು, ನಡುಕ ಮಾತ್ರ ಹೋಗಲಿಲ್ಲ. ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಇನ್ನು ಯಾರಿಗೆ ಹೇಳುವುದು, ಯಾವ ಗಂಟು ಬಿಚ್ಚುವುದು? ಶಿವನಂಜಮ್ಮ ಮಗುವನ್ನು ಭುಜಕ್ಕೆ ಹಾಕಿಕೊಂಡು ತೊಟ್ಟಿಲ ಪಕ್ಕ ನಿಂತಿದ್ದಳು. ಮಗುವಿನ ಬೆನ್ನು ತಟ್ಟುತ್ತಿದ್ದ ಅವಳ ಕೈ ಒಂದಿಷ್ಟೂ ಅಲುಗಾಡುತ್ತಿರಲಿಲ್ಲ.

ನಡುಕ ನಿಲ್ಲಿಸು ಅಂತ ನಾನು ಹೇಳ್ಲೇ ಇಲ್ಲವಲ್ಲಮ್ಮ.

ಆ ಮಾತು ಈಗ ನೆನಪಾಯಿತು. ಹಾಗಾದರೆ ಡಾಕ್ಟರು ಹೇಳಿದ್ದಾದರೂ ಏನು? ನೋಡು ಎಂದಿದ್ದರು, ಅಷ್ಟೇ. ಸಿದ್ದಗಂಗಮ್ಮ ಬೇರೆ ದಾರಿ ಕಾಣದೆ ಅಂಗೈ ನೋಡಿದಳು. ಉಸಿರು ಮೂಗಿನೊಳಗೆ ತಣ್ಣಗೆ ಬಂತು, ಬೆಚ್ಚಗೆ ಹೋಯಿತು. ಬೀಳಿಸಿಬಿಡುತ್ತೇನೆ ಎಂಬ ಮಾತು ಎದ್ದಿತು. ಬಂತು, ಅಂದುಕೊಂಡಳು. ಅದನ್ನು ಅಟ್ಟಲು ಹೋಗಲಿಲ್ಲ. ಮತ್ತೆ ಉಸಿರು. ಎದೆ ಹೊಡೆದುಕೊಳ್ಳುತ್ತಿತ್ತು. ಹೊಡೆದುಕೊಳ್ಳಲಿ. ಮನಸ್ಸು ಎರಡು ತೊಟ್ಟಿಲಿನ ಕಡೆ ಓಡಿತು, ಅದನ್ನು ಬೈಯದೆ ಅಂಗೈಗೆ ಕರೆತಂದಳು. ಆಗ ಅವಳಿಗೆ ಇಷ್ಟು ದಿನ ಕಾಣದ್ದೊಂದು ಕಂಡಿತು. ಅಂಗೈ ನಡುಗುತ್ತಿತ್ತು, ಆದರೆ ಬೆರಳು ಬಿಚ್ಚಿಕೊಂಡಿರಲಿಲ್ಲ. ಅವು ತಮ್ಮ ಪಾಡಿಗೆ ಬಾಗಿ ಲಿಂಗವನ್ನು ಒಳಗಿಟ್ಟುಕೊಂಡಿದ್ದವು. ಕೈ ಅಲುಗಿದಾಗ ಲಿಂಗವೂ ಅದರ ಜೊತೆ ಅಲುಗುತ್ತಿತ್ತು, ಬೀಳುತ್ತಿರಲಿಲ್ಲ.

ಎಷ್ಟೋ ಹೊತ್ತು ಹಾಗೇ ಕೂತಿದ್ದಳು. ಬಸವಲಿಂಗಮ್ಮ ಏನೋ ಹೇಳಲು ಬಾಯಿ ತೆರೆದಾಗ ಅಯ್ಯನವರು ಬೆರಳೆತ್ತಿ ಸುಮ್ಮನಿರಿಸಿದರು. ಸಿದ್ದಗಂಗಮ್ಮ ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಯೊಳಗಿಟ್ಟಳು. ಆಮೇಲೆ ಎರಡೂ ಕೈ ಚಾಚಿದಳು. ಆ ಕೈಗಳು ಎಲ್ಲರ ಕಣ್ಣಿಗೆ ಕಾಣುವ ಹಾಗೆ ನಡುಗುತ್ತಿದ್ದವು.

"ಅಕ್ಕ, ಕೂಸು ಕೊಡಿ."

ಶಿವನಂಜಮ್ಮ ತನ್ನ ತಾಯಿಯ ಮುಖ ನೋಡಿದಳು. ಬಸವಲಿಂಗಮ್ಮ ಸೊಸೆಯ ಕೈಗಳನ್ನು ನೋಡಿದಳು. "ಲೇ, ಅದು ಇನ್ನೂ..." ಎಂದು ಏನೋ ಹೇಳಹೊರಟು, ನುಂಗಿಕೊಂಡು, "ಕೊಡು" ಎಂದಳು. ಸದಾಶಿವಯ್ಯ ಗೊತ್ತಿಲ್ಲದೆಯೇ ಎದ್ದು ಹತ್ತಿರ ಬಂದು, ಎಲ್ಲಾದರೂ ಬಿದ್ದರೆ ಹಿಡಿಯೋಣ ಎಂಬಂತೆ ಬಗ್ಗಿ ನಿಂತ.

ಮಗು ಕೈಗೆ ಬಂತು. ಆರು ತಿಂಗಳು ದಾಟಿದ ಮಗು, ಅವಳು ಅಂದುಕೊಂಡದ್ದಕ್ಕಿಂತ ಭಾರ. ಹೊಸ ಕೈ ಎಂದು ಅದು ಮುಖ ಕಿವುಚಿ ಒಮ್ಮೆ ಚೀರಿತು. ಸಿದ್ದಗಂಗಮ್ಮನ ಜೀವ ಬಾಯಿಗೆ ಬಂತು. ಬಂತು, ಅಂದುಕೊಂಡಳು. ಬೆರಳುಗಳು ಮಗುವಿನ ಬೆನ್ನಿನ ಕೆಳಗೆ ತಾವೇ ಬಾಗಿದವು. ತೊಡೆಗೆ ಇಳಿಸಿಕೊಂಡು, ಎಡಗೈಯನ್ನು ತಲೆಗೆ ಕೊಟ್ಟಳು. ಕೈಯ ನಡುಕಕ್ಕೆ ಮಗುವಿನ ತಲೆ ಮೆಲ್ಲಗೆ ಅಲುಗುತ್ತಿತ್ತು. ಮಗು ಅಳು ನಿಲ್ಲಿಸಿತು. ತಾಯಿಯ ಮುಖವನ್ನು ಪಿಳಿಪಿಳಿ ನೋಡಿತು. ಅಯ್ಯನವರು ಮಂತ್ರ ಹೇಳುತ್ತ ತಮ್ಮ ನಡುಗುವ ಕೈಯಿಂದ ಪುಟ್ಟ ಲಿಂಗವನ್ನು ಅದರ ಕೊರಳಿಗೆ ಕಟ್ಟುವ ಹೊತ್ತಿಗೆ ಅದರ ರೆಪ್ಪೆ ಮುಚ್ಚಿತ್ತು.

"ನಿದ್ದೆ ಮಾಡ್ಬುಡ್ತಾ?" ಎಂದಳು ಬಸವಲಿಂಗಮ್ಮ ನಂಬಲಾರದೆ. "ನನ್ನ ಹತ್ರ ಇದ್ರೆ ಸೊಂಟ ಮುರಿಯೋ ತನಕ ತೂಗಿದ್ರೂ ಮಲಗಲ್ಲ ಕಣ್ರೀ ಇದು!"

"ತೂಗೋಳು ಸಿಕ್ಕವ್ಳೆ ಬುಡು" ಎಂದರು ಅಯ್ಯನವರು. ಕಾಫಿ ತಣ್ಣಗಾಯಿತೆಂದು ಗೊಣಗಿದರು.

ಸಾಯಂಕಾಲ ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ತುಮಕೂರಿನ ಬಸ್ಸು ಬಂದು ನಿಂತಾಗ ಜನ ನುಗ್ಗಿದರು. ಸದಾಶಿವಯ್ಯ ಮುಂದೆ ಹೋಗಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ. ಮೆಟ್ಟಿಲ ಹತ್ತಿರ ಬಸವಲಿಂಗಮ್ಮ ಎರಡೂ ಕೈ ಮುಂದೆ ಮಾಡಿದಳು.

"ಕೊಡೇ ಇತ್ತ. ನಿನ್ ಕೈ ಇನ್ನೂ ನಡುಗ್ತೈತೆ."

ಸಿದ್ದಗಂಗಮ್ಮ ಮಗುವನ್ನು ಎದೆಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು.

"ನಡುಗ್ಲಿ ಬುಡಿ, ಅತ್ತೆಮ್ಮ" ಎಂದು ಬಸ್ಸು ಹತ್ತಿದಳು.